ಬಾಗಿಗೆ ಬರಬೇಕಾದ ಬಚ್ಚಲು ನೀರು

ನಮ್ಮ ಚಾಳಿನ ಬಾಗಿಗೆ ಒಂದು ಬಾಕಿ ಬರಬೇಕು. ಹಣವಲ್ಲ, ಬಚ್ಚಲು ನೀರು. ದೀಪಾವಳಿಯಿಂದ ಹೋಳಿಯವರೆಗೆ ಅವಳ ಮನೆಯವರು ಮಿಂದ ನೀರೆಲ್ಲ ಪಕ್ಕದ ಕೋಣೆಯ ಜಲಜಾಕ್ಷಿಯ ಬಸಳೆ ಬುಡಕ್ಕೆ ಹೋಗಿದೆ. ನಗುವವರು ಈಗಲೇ ನಕ್ಕು ಮುಗಿಸಿ. ನಳ್ಳಿ ದಿನಕ್ಕೆ ಮುಕ್ಕಾಲು ಗಂಟೆ ಬರುವ ಕಡೆ, ಅದೂ ಬಿಸಿಲು ಏರಿದ ಮೇಲೆ, ಮಿಂದ ನೀರೂ ಆಸ್ತಿಯೇ.

ಬಾಗಿ ಮೂಲ್ಕಿ ಕಡೆಯವಳು. ಮದುವೆಯಾಗಿ ಮುಂಬಯಿ ಹತ್ತಿರದ ಈ ಡೊಂಬಿವಲಿಗೆ ಬಂದಾಗ ಗಂಡ ಚೆನ್ನಯ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಸಪ್ಲಾಯರ್. ಅವಳೂ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಿದಳು, ಆಮೇಲೆ ಚಪಾತಿ ಲಟ್ಟಿಸಿದಳು, ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟಳು. ಟ್ಯಾಂಕರ್ ನೀರಿಗಾಗಿ ವಾರ್ಡ್ ಆಫೀಸಿನ ಎದುರು ನಾವು ಮೋರ್ಚಾ ಒಯ್ದಾಗ ಮುಂದಿನ ಸಾಲಿನಲ್ಲಿ ಇರುತ್ತಿದ್ದಳು. ಘೋಷಣೆ ಕೂಗಲಿಕ್ಕೆ ಅವಳಿಗೆ ಬರುತ್ತಿರಲಿಲ್ಲ. ಖಾಲಿ ಮಡಕೆ ತಂದು ಆಫೀಸಿನ ಬಾಗಿಲಲ್ಲಿ ಒಡೆಯುವುದು ಚೆನ್ನಾಗಿ ಬರುತ್ತಿತ್ತು.

ಅವಳ ಕೋಣೆಯ ಹಿಂದೆ, ಕಾಂಪೌಂಡು ಗೋಡೆಯವರೆಗೆ, ಒಂದು ಮಂಚ ಹಾಸುವಷ್ಟು ಮಣ್ಣು ಉಂಟು. ಅಲ್ಲಿ ಬಸಳೆ ಚಪ್ಪರ. ಮುರಿದ ಮಂಚದ ಕಾಲು, ಕೇಬಲ್ಲಿನವರು ಬಿಟ್ಟುಹೋದ ವಯರು, ಬಿದಿರು, ಸಿಕ್ಕಿದ್ದನ್ನೆಲ್ಲ ಕಟ್ಟಿ ಎಬ್ಬಿಸಿದ್ದು. ಬಚ್ಚಲಿನ ಪೈಪು ನೇರ ಬುಡಕ್ಕೇ ಬಿಟ್ಟಿತ್ತು. ಮೇಲಿಂದ ಒಲೆಯ ಬೂದಿ, ಮೀನು ತೊಳೆದ ನೀರು. ಎಲೆ ಅಂಗೈ ಅಗಲ, ದಂಟು ಹೆಬ್ಬೆರಳು ದಪ್ಪ.

ಏಪ್ರಿಲ್ ನಡುವೆ ತುಳುವರ ಹೊಸ ವರ್ಷ, ಬಿಸು. ಚಾಳಿನ ಭಜನಾ ಕೋಣೆಯಲ್ಲಿ ಬೆಳಿಗ್ಗೆ ಕನ್ನಡಿಯ ಮುಂದೆ ಬಾಳೆಲೆ ಹಾಸಿ ಅಕ್ಕಿ, ತೆಂಗಿನಕಾಯಿ, ಸೌತೆ, ಮಾವು, ಗೇರುಹಣ್ಣು ಜೋಡಿಸಿ ಕಣಿ ಇಡುತ್ತೇವೆ. ಊರಿನಲ್ಲಾದರೆ ಹಿತ್ತಿಲಲ್ಲಿ ಬೆಳೆದದ್ದನ್ನೇ ಇಡಬೇಕು. ಇಲ್ಲಿ ಎಲ್ಲವೂ ಮಾರ್ಕೆಟಿನದ್ದು. ಸ್ವಂತ ಬೆಳೆದದ್ದು ಅಂತ ಇಡುವುದು ಬಾಗಿಯ ಬಸಳೆ ಕಟ್ಟು ಒಂದೇ. ಮಧ್ಯಾಹ್ನ ಎಲ್ಲರಿಗೂ ಅದೇ ಬಸಳೆಯ ಪದಾರ್ಥ, ಹೆಸರುಕಾಳು ಹಾಕಿದ್ದು. ಆ ಒಂದು ದಿನ ಚಾಳಿನ ಕಮಿಟಿಯ ಸೆಕ್ರೆಟರಿ ಸರ್ವೋತ್ತಮನವರೂ ಎದ್ದು ನಿಂತು ಅವಳನ್ನು ಮಾತಾಡಿಸುತ್ತಿದ್ದರು. ಜೀವಮಾನವಿಡೀ ಕೂತವರ ಎಂಜಲು ಎತ್ತಿದ ಹೆಂಗಸಿಗೆ ಚಾಳಿನಲ್ಲಿದ್ದ ದೊಡ್ಡಸ್ತಿಕೆ ಇಷ್ಟೇ.

ಕಳೆದ ದೀಪಾವಳಿಗೆ ವಾರ್ಡಿನ ಕಾರ್ಪೊರೇಟರರ ನಿಧಿಯಿಂದ ಹಿಂದಿನ ಓಣಿಗೆ, ನೆಲಕ್ಕೆ ಹಾಸುವ ಪೇವರ್ ಬ್ಲಾಕು ಬಂತು. ಬಸಳೆ ಬುಡದಷ್ಟು ಮಣ್ಣು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರು. ಬಾಗಿಯ ಪೈಪಿಗೆ ಇನ್ನೊಂದು ತುಂಡು ಜೋಡಿಸಿ ಬ್ಲಾಕಿನ ಅಡಿಗೆ ತೂರಿಸಿದರು. ಬಾಗಿ ಬೊಬ್ಬೆ ಹಾಕಿದಳು. ನೀರು ಗಟಾರಕ್ಕೆ ಹೋಗುತ್ತದೆ, ಸೊಳ್ಳೆ ಕಡಿಮೆಯಾಗುತ್ತದೆ ಎಂದರು ಸರ್ವೋತ್ತಮ. ಗಟಾರ ಇದ್ದದ್ದು ಓಣಿಯ ಆ ತುದಿಯಲ್ಲಿ. ಕಂಟ್ರಾಕ್ಟರನ ಜನ ಅಲ್ಲಿವರೆಗೆ ಪೈಪು ಎಳೆದರೋ ಇಲ್ಲವೋ ಯಾರೂ ನೋಡಲಿಲ್ಲ.

ಅಂದಿನಿಂದ ಬಾಗಿಯ ಬಸಳೆ ಬಡವಾಯಿತು. ಅಕ್ಕಿ ತೊಳೆದ ನೀರಿನಲ್ಲಿ ಎಷ್ಟು ಬೆಳೆಯಬೇಕು? ಜಲಜಾಕ್ಷಿಯದ್ದು ಮಾತ್ರ ಉಕ್ಕತೊಡಗಿತು. ಜಲಜಾಕ್ಷಿಯ ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಗುಮಾಸ್ತ, ಹಾಗಾಗಿ ಅವಳ ಚಪ್ಪರಕ್ಕೆ ಕಬ್ಬಿಣದ ಸರಳು. ಬಳ್ಳಿಯ ತುಂಡು ಒಯ್ದದ್ದು ಬಾಗಿಯಿಂದಲೇ, ಎರಡು ವರ್ಷದ ಹಿಂದೆ, ಸೆರಗೊಡ್ಡಿ.

ಹೊಟ್ಟೆಕಿಚ್ಚು ಎಂದರೆ ಏನೆಂದು ಆ ಚಳಿಗಾಲ ಬಾಗಿಯಲ್ಲಿ ನೋಡಬೇಕಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಹಿಂದಿನ ಬಾಗಿಲು ತೆಗೆದು ಆ ಕಡೆಯ ಎಲೆ ನೋಡುವಳು. ಆಮೇಲೆ ಚಾ ಕಹಿ, ತಿಂಡಿಗೆ ಉಪ್ಪಿಲ್ಲ, ಗಂಡನ ಕೆಮ್ಮು ಜಾಸ್ತಿ. ಜಲಜಾಕ್ಷಿ ಕಳಂಬೋಲಿಯಿಂದ ಎಂತದೋ ಪುಡಿ ತರಿಸಿ ಹಾಕುತ್ತಾಳೆ, ಆ ಬಸಳೆ ತಿಂದರೆ ಹೊಟ್ಟೆ ಉರಿಯುತ್ತದೆ ಎಂದು ಮೀನು ಮಾರುವವಳಿಂದ ಹಿಡಿದು ಹಿಟ್ಟಿನ ಗಿರಣಿಯವನವರೆಗೆ ಹೇಳಿದಳು. ಹೊಟ್ಟೆ ಉರಿಯುವುದು ಯಾರದ್ದು ಎಂದು ಚೆನ್ನಯ ಕೇಳಿದ್ದಕ್ಕೆ ಎರಡು ದಿನ ಅವನ ತಟ್ಟೆಗೆ ಬರೀ ಗಂಜಿ.

ಫೆಬ್ರವರಿಯಲ್ಲಿ ಸರ್ವೋತ್ತಮ ಎಲ್ಲರೆದುರೇ ಹೇಳಿಬಿಟ್ಟರು. ಈ ಸಲ ಕಣಿಗೆ ಜಲಜಾಕ್ಷಿಯ ಬಸಳೆ ಇಡುವ, ನೋಡಲಿಕ್ಕೂ ಚಂದ ಉಂಟು. ಬಾಗಿ ಎದ್ದು ಬಂದು, ತೊಳೆದಿಟ್ಟ ಪಾತ್ರೆಯನ್ನೆಲ್ಲ ಮತ್ತೆ ತೊಳೆದಳು.

ಹೋಳಿಯ ದಿನ ಅವಳ ಸೊಸೆ ಶ್ರದ್ಧಾ ಬಣ್ಣ ಆಡಿ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ತುಳು ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ತಲೆಯಿಂದ ಪಾದದವರೆಗೆ ಗುಲಾಬಿ. ಅವಳು ಬಚ್ಚಲಿನಲ್ಲಿ ತಲೆಗೆ ನೀರು ಹೊಯ್ಯುವಾಗ ಬಾಗಿ ಹಿಂದೆ ಬಟ್ಟೆ ಹರವುತ್ತಿದ್ದಳು. ಜಲಜಾಕ್ಷಿಯ ಬಸಳೆ ಬುಡದಲ್ಲಿ ಮಣ್ಣಿನಿಂದ ಗುಳುಗುಳು ಎಂದು ನೊರೆ ಬಂತು. ಗುಲಾಬಿ ನೊರೆ.

ಕಂಟ್ರಾಕ್ಟರನ ಪೈಪು ಗಟಾರ ಮುಟ್ಟಿರಲಿಲ್ಲ. ಜಲಜಾಕ್ಷಿಯ ಬಸಳೆ ಬುಡದವರೆಗೆ ಹೋಗಿ ಅಲ್ಲೇ ನಿಂತಿತ್ತು.

ಬೇರೆಯವಳಾಗಿದ್ದರೆ ಊರು ಸೇರಿಸುತ್ತಿದ್ದಳು. ಬಾಗಿ ಹಳೆಯ ಲಂಗ ಹರಿದು ಉಂಡೆ ಮಾಡಿ ಬಚ್ಚಲಿನ ತೂತಿಗೆ ಜಡಿದಳು. ದೊಡ್ಡ ಪ್ಲಾಸ್ಟಿಕ್ ಟಬ್ಬು ತರಿಸಿದಳು. ಇನ್ನು ಮೇಲೆ ಎಲ್ಲರೂ ಟಬ್ಬಿನಲ್ಲಿ ಕೂತು ಮೀಯಬೇಕು, ನೀರು ಅವಳೇ ಹೊತ್ತು ತನ್ನ ಬಸಳೆಗೆ ಹೊಯ್ಯುತ್ತಾಳೆ. ಹೋಟೆಲಿನಲ್ಲಿ ನಲವತ್ತು ವರ್ಷ ಬಸಿ ಎತ್ತಿದ್ದೇನೆ, ಈಗ ಬಸಿಯಲ್ಲೇ ಕೂರಬೇಕಾಯಿತಲ್ಲ ಎಂದ ಚೆನ್ನಯ. ಶ್ರದ್ಧಾ ‘ಮಮ್ಮಿ, ಪುರೇ ಆತಾ’, ಸಾಕು ಇನ್ನು, ಎಂದು ತವರಿಗೆ ಹೊರಟಳು, ಕಲ್ಯಾಣ್ ಸ್ಟೇಷನ್ನಿನವರೆಗೆ ಹೋಗಿ ಸಂಜೆ ವಾಪಸು ಬಂದಳು. ಬಾಗಿ ಜಗ್ಗಲಿಲ್ಲ. ಮೊಣಕಾಲು ಊದಿತು. ಟಬ್ಬು ಎತ್ತುವುದು ನಿಲ್ಲಲಿಲ್ಲ.

ವಾರ ಕಳೆಯುವುದರೊಳಗೆ ಆ ಕಡೆಯ ಎಲೆ ಹಳದಿಯಾಯಿತು. ಬಾಗಿ ಚಾ ಲೋಟ ಹಿಡಿದು ಹಿಂದಿನ ಮೆಟ್ಟಿಲಲ್ಲಿ ಕೂತು ನೋಡುವಳು. ಅಷ್ಟು ನೆಮ್ಮದಿಯಾಗಿ ಅವಳು ಚಾ ಕುಡಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕಾಂಪೌಂಡಿನ ಆಚೆ ಹೊಸ ಬಹುಮಹಡಿ ಟವರು ಉಂಟು. ಅವರ ಹುಲ್ಲುಹಾಸಿಗೆ ಮಟಮಟ ಮಧ್ಯಾಹ್ನ ಪೈಪು ಬಿಟ್ಟಿರುತ್ತಾರೆ. ಅದನ್ನು ನೋಡಿ ನಿನಗೆ ಕಿಚ್ಚಾಗುವುದಿಲ್ಲವಾ ಎಂದು ಕೇಳಿದೆ.

“ಹುಲ್ಲು ನೋಡಿ ಹೊಟ್ಟೆಕಿಚ್ಚು ಪಡ್ಲಿಕ್ಕೆ ನಾನು ಎಂತ ದನವಾ?” ಎಂದಳು.

ಅವಳ ಕಿಚ್ಚು ಆ ಗೋಡೆ ಹತ್ತಲೇ ಇಲ್ಲ. ಪಕ್ಕದ ಚಪ್ಪರದಲ್ಲೇ ಸುಟ್ಟಿತು.

ಬಿಸುವಿಗೆ ನಾಲ್ಕು ದಿನ ಇರುವಾಗ ಜಲಜಾಕ್ಷಿ ಹಿಂದಿನ ಓಣಿಗೆ ಬಂದಳು. ಒಳ್ಳೆಯ ಹೆಂಗಸು, ಮಾತು ಮೃದು.

“ಬಾಗಿಯಕ್ಕ, ನಿಮ್ಮ ಬಚ್ಚಲು ಕಟ್ಟಿಕೊಂಡಿದ್ಯಾ?”

“ನಮ್ಮ ಬಚ್ಚಲಿನ ಸುದ್ದಿ ನಿಂಗೆ ಎಂತಕ್ಕೆ?”

ಮಾತು ಬಾಯಿಂದ ಜಾರಿದ್ದು ಜಲಜಾಕ್ಷಿಗೂ ಗೊತ್ತಾಗಿತ್ತು.

“ಹಾಗಾದ್ರೆ ನಿಂಗೆ ಗೊತ್ತಿತ್ತು,” ಎಂದಳು ಬಾಗಿ.

“ಸಾಬೂನಿನ ವಾಸನೆ ಬರ್ತಿತ್ತು ಅಕ್ಕ. ಆದ್ರೆ ಬರುವ ನೀರನ್ನು ‘ನೀನು ಯಾರ ಮನೆಯದ್ದು’ ಅಂತ ಯಾರು ಕೇಳ್ತಾರೆ?”

“ಕೇಳ್ಬೇಕಿತ್ತು. ನಳ್ಳಿಗೆ ಸಾಲು ನಿಂತು ಹೊತ್ತು ತಂದವಳು ನಾನು.”

ಅಷ್ಟೇ. ಬಾಗಿ ಬಾಗಿಲು ಹಾಕಿಕೊಂಡಳು.

ಬಿಸುವಿನ ಬೆಳಿಗ್ಗೆ ಕಣಿಗೆ ಬಂದದ್ದು ಬಾಗಿಯ ಕಟ್ಟೇ. ಜಲಜಾಕ್ಷಿಯ ಸರಳಿನ ಮೇಲೆ ಒಣ ದಂಟು ಬಿಟ್ಟರೆ ಏನೂ ಇರಲಿಲ್ಲ. ಆದರೆ ಬಾಗಿ ಇದ್ದದ್ದನ್ನೆಲ್ಲ ಕೊಯ್ದರೂ ಕಟ್ಟು ಒಂದು ಹಿಡಿಗೆ ಸಿಗುವಷ್ಟೇ. ಊಟಕ್ಕೆ ಸಾಕಾಗದೆ ಸರ್ವೋತ್ತಮ ಸ್ಟೇಷನ್ ಪಕ್ಕದ ಮಾರ್ಕೆಟಿನಿಂದ ಬಸಳೆ ತರಿಸಿದರು. ಪಂಕ್ತಿಯಲ್ಲಿ ಯಾರೋ, ಬಾಗಿಯಕ್ಕನ ಬಸಳೆ ರುಚಿಯೇ ಬೇರೆ ಎಂದರು. ಬಾಗಿ ಎದುರು ಸಾಲಿನ ಜಲಜಾಕ್ಷಿಯನ್ನು ನೋಡಿದಳು. ಅವಳು ತಲೆ ಎತ್ತದೆ ಉಣ್ಣುತ್ತಿದ್ದಳು.

“ಇದು ನನ್ನದಲ್ಲ, ಮಾರ್ಕೆಟಿನದ್ದು. ನಾಲಗೆ ಇದ್ದವರಿಗೆ ಗೊತ್ತಾಗ್ತದೆ,” ಎಂದು ಬಾಗಿ ಎಲೆ ಮಡಚಿ ಎದ್ದಳು.

ಮರುದಿನ ಸರ್ವೋತ್ತಮನವರ ಬಾಗಿಲಿಗೆ ಹೋಗಿ, ಬ್ಲಾಕು ಕಿತ್ತು ಪೈಪು ತನ್ನ ಕಡೆ ತಿರುಗಿಸಿ ಕೊಡಿ ಎಂದಳು. ಅವರು ಬಿಲ್ಲು ಪಾಸಾಗಿದೆ, ಸರಕಾರಿ ಕೆಲಸ ಕೀಳುವಂತಿಲ್ಲ, ಅರ್ಜಿ ಬರೆದುಕೊಡು ಎಂದರು. ಜಲಜಾಕ್ಷಿ, ಪೈಪಿಗೆ ಒಂದು ಕವಲು ಹಾಕಿ ನೀರು ಅರ್ಧ ಅರ್ಧ ಮಾಡುವ ಎಂದು ಹೇಳಿ ಕಳಿಸಿದಳು. ಅರ್ಧ ಅವಳಿಗೆ ಹೋಗುವುದಾದರೆ ತಾನು ಮೀಯುವುದನ್ನೇ ಬಿಡುತ್ತೇನೆ ಎಂದಳು ಬಾಗಿ.

ಇಬ್ಬರೂ ರಾಜಿಯಾಗಲಿ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ಬಾಗಿಯ ಹೊಟ್ಟೆಕಿಚ್ಚು ಸಣ್ಣದು, ಅವಳ ಬಾಯಿ ಕೆಟ್ಟದ್ದು, ಪುಡಿಯ ಸುಳ್ಳು ಹಬ್ಬಿಸಿದ್ದೂ ಅವಳೇ. ಆದರೂ ನೀರು ಅವಳದ್ದು. ಜಲಜಾಕ್ಷಿಯ ಮೃದು ಮಾತಿನಿಂದ ಅದು ಬದಲಾಗುವುದಿಲ್ಲ, ಕಂಟ್ರಾಕ್ಟರನ ಬಿಲ್ಲಿನಿಂದಲೂ ಇಲ್ಲ. ಇವತ್ತು ಬೆಳಿಗ್ಗೆಯೂ ಅವಳು ಗೋಡೆ ಹಿಡಿದುಕೊಂಡು ಟಬ್ಬು ಹೊತ್ತಿದ್ದಾಳೆ. ಮೇ ತಿಂಗಳು ಇನ್ನೂ ಪೂರ್ತಿ ಉಂಟು.

ಬರುವ ಭಾನುವಾರ, ನಳ್ಳಿ ನಿಂತ ಮೇಲೆ, ನಾವು ಆ ಬ್ಲಾಕು ಕೀಳುತ್ತೇವೆ. ನಮ್ಮಲ್ಲಿ ಮೋರ್ಚಾದ ಹಳಬರೇ ಉಳಿದಿರುವುದು, ಯಾರ ಸೊಂಟವೂ ನೆಟ್ಟಗಿಲ್ಲ. ಥಾಣೆಯಲ್ಲಿರಿ, ಭಿವಂಡಿಯಲ್ಲಿರಿ, ರೈಲು ಹತ್ತಿ ಬನ್ನಿ. ಹಾರೆ ಇದ್ದರೆ ಹಾರೆ ತನ್ನಿ, ಇಲ್ಲದಿದ್ದರೆ ಎರಡು ಕೈ ತನ್ನಿ. ಬುದ್ಧಿವಾದ ಮನೆಯಲ್ಲೇ ಬಿಟ್ಟು ಬನ್ನಿ. ಬರುತ್ತೀರೋ ಇಲ್ಲವೋ, ಈಗಲೇ ಹೇಳಿ.