ಸೆರಗಿನ ಕುಚ್ಚು

ಬೆರಳುದ್ದದ ಒಂದು ಕುಚ್ಚನ್ನು ಸುಟ್ಟದ್ದಕ್ಕೆ ನಾಲ್ಕು ಅಂತಸ್ತಿನ ಕಟ್ಟಡವೇ ಖಾಲಿಯಾಯಿತು. ಸೈರನ್ ಅರಚುತ್ತಿತ್ತು. ಬಿಳಿ ಕೋಟು ತೊಟ್ಟವರೆಲ್ಲ ಅಂಗಳದ ಹಿಮದ ಮೇಲೆ ಸಾಲಾಗಿ ನಿಂತಿದ್ದರು. ಯಾರೂ ಓಡಲಿಲ್ಲ, ಕೂಗಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ನಮ್ಮ ಕೊಳ್ಳೇಗಾಲದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅರ್ಧ ಬೀದಿ ಒಳಗೆ ನುಗ್ಗಿರುತ್ತಿತ್ತು, ಉಳಿದರ್ಧ ಹೊರಗೆ ನಿಂತು ಕಾರಣ ಹೇಳುತ್ತಿತ್ತು. ನಾನು ಕೋಟಿನ ಜೇಬಿನೊಳಗೆ ಬೆಂಕಿಪೊಟ್ಟಣವನ್ನು ಬಿಗಿಯಾಗಿ ಹಿಡಿದುಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದೆ. ಜರ್ಮನಿಗೆ ಬಂದು ಆಗ ಐದು ತಿಂಗಳು.

ನಾನಿರುವ ಊರು ಯೇನಾ. ದುರ್ಬೀನು, ಸೂಕ್ಷ್ಮದರ್ಶಕಗಳ ಗಾಜಿಗೆ ಹೆಸರಾದದ್ದು. ಕೊಳ್ಳೇಗಾಲಕ್ಕೆ ರೇಷ್ಮೆ ಹೇಗೋ ಹಾಗೆ. ಬಾಡಿಗೆ ಕೋಣೆಗೆ ಬಂದ ದಿನ ಮನೆಯೊಡತಿ ಎರಡು ಪುಟದ ಕಟ್ಟಳೆ ಕೊಟ್ಟರು. ಭಾನುವಾರ ಬಟ್ಟೆ ಒಗೆಯುವ ಯಂತ್ರ ಓಡಿಸುವಂತಿಲ್ಲ. ಮಧ್ಯಾಹ್ನ ಸದ್ದು ಮಾಡುವಂತಿಲ್ಲ. ದಿನಕ್ಕೆರಡು ಸಲ, ಎಂಥ ಚಳಿಯಿದ್ದರೂ, ಕಿಟಕಿಗಳನ್ನು ಪೂರ್ತಿ ತೆರೆದು ಗಾಳಿ ಆಡಿಸಬೇಕು. ಇದಕ್ಕೆ ಇಲ್ಲಿ ‘ಲ್ಯುಫ್ಟೆನ್’ ಎನ್ನುತ್ತಾರೆ. ಸ್ನಾನದಷ್ಟೇ ನಿಷ್ಠೆಯಿಂದ ಮಾಡುತ್ತಾರೆ. ನನ್ನ ಜೊತೆಗೆ ಬಂದ ಬೇರೆ ಊರಿನ ಹುಡುಗಿಯರು ಈ ಕಟ್ಟಳೆಗಳಿಗೆ ರೇಗಿದರು. ನನಗೆ ಲೊಕ್ಕನಹಳ್ಳಿಯ ಅಜ್ಜಿಯ ಹುಳುಮನೆ ನೆನಪಾಯಿತು. ರೇಷ್ಮೆಹುಳು ಸಾಕುವ ಆ ಕೋಣೆಗೆ ಕಾಲು ತೊಳೆಯದೆ ಹೋಗುವಂತಿರಲಿಲ್ಲ. ಊದುಬತ್ತಿ, ಪೌಡರು, ಒಗ್ಗರಣೆಯ ಘಾಟು ಏನೂ ಒಳಗೆ ಸುಳಿಯಬಾರದು. ಹೊತ್ತುಹೊತ್ತಿಗೆ ಗಾಳಿ ಆಡಬೇಕು. ಹಾಗಾಗಿ ಕಟ್ಟಳೆ ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೌನ. ಹುಳುಮನೆಯ ಮೌನದೊಳಗೆ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದಿರುತ್ತದೆ, ತಗಡಿನ ಮೇಲೆ ತುಂತುರು ಬಿದ್ದ ಹಾಗೆ. ಇಲ್ಲಿಯ ಭಾನುವಾರಗಳಲ್ಲಿ ಅದೂ ಇರಲಿಲ್ಲ.

ನನ್ನ ಕೆಲಸ ರಾಮನ್ ರೋಹಿತದ ಯಂತ್ರದ ಮುಂದೆ. ಒಂದು ವಸ್ತುವಿನ ಮೇಲೆ ಲೇಸರ್ ಬೆಳಕು ಬಿಟ್ಟರೆ ಚದುರಿ ಬರುವ ಬೆಳಕೆಲ್ಲ ಹೆಚ್ಚುಕಡಿಮೆ ಹೋದ ಬಣ್ಣದಲ್ಲೇ ಬರುತ್ತದೆ. ಕೋಟಿಗೊಂದು ಕಣ ಮಾತ್ರ ಒಂದಿಷ್ಟು ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಗಿದೆ ಎಂಬುದನ್ನು ಅಳೆದರೆ ಎದುರಿಗಿರುವುದು ಸಕ್ಕರೆಯೋ ಸುಣ್ಣವೋ ಹತ್ತಿಯೋ ತಿಳಿಯುತ್ತದೆ. ಪರದೆಯ ಮೇಲೆ ಬೆಟ್ಟಸಾಲಿನಂಥ ಒಂದು ಗೆರೆ ಮೂಡುತ್ತದೆ. ಯಾವ ಶಿಖರ ಯಾವ ಸಂಖ್ಯೆಯ ಮೇಲಿದೆ ಎಂಬುದೇ ಆ ವಸ್ತುವಿನ ಗುರುತು. ಕೀಳಬೇಕಿಲ್ಲ, ಕರಗಿಸಬೇಕಿಲ್ಲ, ಸುಡಬೇಕಿಲ್ಲ. ವಸ್ತುಸಂಗ್ರಹಾಲಯಗಳ ಹಳೆಯ ಉಡುಪುಗಳ ನೂಲನ್ನು ನಾವು ಗುರುತಿಸುವುದು ಹೀಗೆ.

ಹೋಲಿಸಲು ಅಸಲಿ ಮಾದರಿಗಳು ಬೇಕು. ಒಂದು ದಿನ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಕಾರಿನ್, ಒಳ್ಳೆಯ ರೇಷ್ಮೆಯ ಮಾದರಿ ಯಾರ ಬಳಿಯಾದರೂ ಇದೆಯೇ ಎಂದು ಕೇಳಿದರು. ಸಭೆಗಳಲ್ಲಿ ಬಾಯಿ ಬಿಡದ ನಾನು ಅಂದು ಬಿಟ್ಟೆ. “ನನ್ನ ತಾಯಿ ರೇಷ್ಮೆ ನೂಲು ತೆಗೆಯುವವರು. ನಮ್ಮೂರಿನ ಸೀರೆ ನನ್ನ ಬಳಿ ಇದೆ. ಅದಕ್ಕಿಂತ ಅಸಲಿ ನಿಮಗೆ ಸಿಗಲಾರದು.”

ಆ ಸೀರೆ ಅವ್ವನಿಗೆ ನಾನೇ ಕೊಟ್ಟದ್ದು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ, ಮೊದಲ ಸಂಶೋಧನಾ ವೇತನ ಬಂದ ವಾರ, ಗಂಟು ಹೊತ್ತು ಬಂದ ಮಾರಾಟಗಾರನೊಬ್ಬನಿಂದ ಕೊಂಡಿದ್ದೆ. ಕೊಳ್ಳೇಗಾಲದ್ದೇ, ಶುದ್ಧ ರೇಷ್ಮೆ ಎಂದಿದ್ದ. ನೇರಳೆ ಬಣ್ಣ, ಹಸಿರು ಅಂಚು. ಮೂರು ವರ್ಷ ಅವ್ವ ಅದನ್ನು ಎಲ್ಲ ಮದುವೆಗೂ ಉಟ್ಟರು. ನಾನು ಹೊರಡುವ ದಿನ ಅದನ್ನೇ ಮಡಿಸಿ ನನ್ನ ಪೆಟ್ಟಿಗೆಯಲ್ಲಿಟ್ಟರು. ತಮಗೆ ಅತಿ ಪ್ರಿಯವಾದದ್ದನ್ನು ಕೊಟ್ಟರೆಂದು ನಾನು ವಿಮಾನದಲ್ಲಿ ಅತ್ತಿದ್ದೆ.

ಪರದೆಯ ಗೆರೆಯಲ್ಲಿ ರೇಷ್ಮೆಯ ಎತ್ತರದ ಶಿಖರ 1665ರ ಆಸುಪಾಸಿನಲ್ಲಿ ಏಳಬೇಕು. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಲೇಸರಿನಡಿ ಇಟ್ಟೆ. ಅಲ್ಲಿ ಏನೂ ಇರಲಿಲ್ಲ. 1615ರಲ್ಲಿ ಒಂದು, 1725ರಲ್ಲಿ ಇನ್ನೊಂದು, ಎರಡೂ ಸೂಜಿಯಂತೆ ನಿಂತವು. ಆ ಗೆರೆಯನ್ನು ಮಳೆಕೋಟುಗಳಲ್ಲಿ, ನೀರಿನ ಬಾಟಲಿಗಳಲ್ಲಿ ಬೇಕಾದಷ್ಟು ನೋಡಿದ್ದೆ. ಪಾಲಿಯೆಸ್ಟರ್. ಇನ್ನೊಂದು ಎಳೆ ಇಟ್ಟೆ. ಅದೇ.

ಯಂತ್ರ ತಪ್ಪಿರಬೇಕು ಎಂದುಕೊಂಡೆ. ನಮ್ಮ ಕಡೆ ನೂಲಿನ ಮೇಲೆ ಅನುಮಾನ ಬಂದರೆ ಮಾಡುವುದು ಒಂದೇ: ಎಳೆಗೆ ಬೆಂಕಿ ತಾಗಿಸಿ ಮೂಸುವುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಕ್ಕದ ಚಿಕ್ಕ ಕೋಣೆಗೆ ಹೋಗಿ ಪೂರ್ತಿ ಕುಚ್ಚಿಗೇ ಕಡ್ಡಿ ಗೀರಿದೆ. ಅದು ಉರಿಯಲಿಲ್ಲ, ಕರಗಿತು. ಕಪ್ಪು ಹೊಗೆ ಎದ್ದು, ತುದಿ ಕಲ್ಲುಮಣಿಯಂತೆ ಗಟ್ಟಿಯಾಯಿತು. ಹೊಗೆ ಪತ್ತೆ ಮಾಡುವ ಬಿಲ್ಲೆ ನನ್ನ ನೆತ್ತಿಯ ಮೇಲೆಯೇ ಇತ್ತು.

ಅಗ್ನಿಶಾಮಕದವರು ಒಳಗೆ ಹೋಗಿ ಬರಿಗೈಯಲ್ಲಿ ಬಂದಾಗ ನಾನು ಕಾರಿನ್ ಎದುರು ನಿಂತು ಎಲ್ಲ ಹೇಳಿದೆ. ಬೆಂಕಿಪೊಟ್ಟಣವನ್ನೂ ಒಪ್ಪಿಸಿದೆ. ಕೆಲಸ ಹೋಯಿತೆಂದೇ ಭಾವಿಸಿದ್ದೆ. ಅವರು ಕೇಳಿದ್ದು ಒಂದೇ:

“ವಾಸನೆ ಹೇಗಿತ್ತು?”

“ಪ್ಲಾಸ್ಟಿಕ್ಕಿನದು.”

“ಹಾಗಾದರೆ ಯಂತ್ರ ಸರಿಯಾಗಿದೆ.”

ಆಮೇಲೆ ಲಿಖಿತ ಎಚ್ಚರಿಕೆಯೂ ಬಂತು. ಆದರೆ ಆ ವಾರವಿಡೀ ನನ್ನನ್ನು ಕೊರೆದದ್ದು ಬೇರೆ. ಅವ್ವನಿಗೆ ಹೇಳುವುದೋ ಬೇಡವೋ? ನೂಲಿನವರ ಮಗಳಾಗಿ ನಾನು ಮೋಸ ಹೋಗಿದ್ದೆ. ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಯ ಮುಂದೆ ಅವ್ವ ನನ್ನನ್ನು ಒಂದು ದಿನವೂ ಕೂರಿಸಿರಲಿಲ್ಲ. ಗೂಡಿನಿಂದ ಎಳೆ ಹುಡುಕುವುದನ್ನು ಕಲಿಸಲಿಲ್ಲ. “ಬೆರಳು ಬೆಂದ್ರೆ ಪೆನ್ನು ಇಡಿಯಕ್ಕಾಗಕಿಲ್ಲ, ಓಗು” ಎಂದು ಅಟ್ಟುತ್ತಿದ್ದರು. ಹಾಗಾಗಿ ನನ್ನ ಬೆರಳಿಗೆ ರೇಷ್ಮೆ ಗೊತ್ತಿರಲಿಲ್ಲ. ಆದರೆ ಅವ್ವ ಹೆಮ್ಮೆಯಿಂದ ಉಟ್ಟ ಸೀರೆ ಸುಳ್ಳೆಂದು ಹೇಗೆ ಹೇಳಲಿ? ಹೇಳಬಾರದೆಂದೇ ನಿರ್ಧರಿಸಿ, ಭಾನುವಾರ ಫೋನಿನಲ್ಲಿ ಬೇರೆ ದಾರಿ ಹಿಡಿದೆ.

“ಅವ್ವಾ, ನೀನು ಬಿಚ್ಚಿದ ನೂಲು ಒಂದು ಲಡಿ ಪೋಸ್ಟಲ್ಲಿ ಕಳಿಸ್ತೀಯಾ?”

“ಯಾಕವ್ವ, ಅಲ್ಲೇನ್ ಮಗ್ಗ ಆಕ್ಬುಟ್ಯಾ?”

“ಮಿಷಿನ್ನಿಗೆ ಇಟ್ಟು ನೋಡ್ಬೇಕು.”

“ಸೀರೆ ಎಳೆ ಇಟ್ಟು ನೋಡ್ಬುಟ್ಟಿದ್ದಿಯೆ ಅನ್ನು.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಬಾಯ್ ಬುಡು ಕೂಸೆ. ಏನಂತು ನಿನ್ ಮಿಷಿನ್ನು?”

“ಪಾಲಿಯೆಸ್ಟರ್ ಅಂತು.”

“ಪರ್ವಾಗಿಲ್ಲ, ಸುಳ್ಳೇಳಕಿಲ್ಲ.”

“ನಿಂಗೆ ಗೊತ್ತಿತ್ತಾ?”

“ಇಪ್ಪತ್ತೈದ್ ವರ್ಸ ಬಿಸಿನೀರಲ್ಲಿ ಬೆರಳ್ ಬೇಯಿಸ್ಕಂಡಿವ್ನಿ. ನೀನು ಕವರ್ ಬಿಚ್ಚಿ ಮಡ್ಲಿಗ್ ಆಕ್ದಾಗ್ಲೇ ಗೊತ್ತಾಯ್ತು.”

“ಮತ್ತೆ ಯಳಂದೂರಿನ ಮದ್ವೆಗೆ ಉಟ್ಯಲ್ಲ! ನಿನ್ನ ಜೊತೆ ಕೆಲಸ ಮಾಡೋರೆಲ್ಲ ಬಂದಿದ್ರು.”

“ಅವ್ರಿಗೂ ಗೊತ್ತಾಯ್ತು. ಪಕ್ಕದ್ ಚರಕದ್ ದೇವಮ್ಮ ಸೆರಗ ಇಡ್ಕಂಡು, ‘ಏನಮ್ಮಿ, ಮಗಳು ರೇಷ್ಮೆ ಕೊಡ್ಸವ್ಳೆ ಅಂದೆ?’ ಅಂದ್ಲು. ‘ಊ ಕಣಮ್ಮಿ, ನನ್ ಮಗಳು ಕೊಡ್ಸವ್ಳೆ. ನಿನ್ ಮಗ ಏನ್ ಕೊಡ್ಸುದ್ದ?’ ಅಂದೆ. ಬಾಯ್ ಮುಚ್ಕಂಡು ಪಾಯ್ಸ ಉಂಡ್ಲು.”

ನಾನು ನಗಲು ಹೋಗಿ ಬಿಕ್ಕಿದೆ. ಮತ್ತೆ ಆ ಸೀರೆಯನ್ನೇ ಯಾಕೆ ನನಗೆ ಕೊಟ್ಟು ಕಳಿಸಿದ್ದು ಎಂದು ಕೇಳಿದೆ.

“ಅಲ್ಲಿ ಒಗಿಯದೆಲ್ಲ ಮಿಷಿನ್ನಲ್ಲೇ ಅಂದಲ್ಲ ನೀನು. ರೇಷ್ಮೆ ಆಕುದ್ರೆ ಆಳಾಯ್ತದೆ. ಇದಾದ್ರೆ ಏನೂ ಆಗಕಿಲ್ಲ ಅಂತ. ಅಳ್ಬೇಡ, ಓಗಿ ಉಣ್ಣು.”

ಮೂರು ವಾರಕ್ಕೆ ಪೊಟ್ಟಣ ಬಂತು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಹೊಂಬಣ್ಣದ ಲಡಿ. ಬಿಚ್ಚಿದೊಡನೆ ಬೆಂದ ಗೂಡಿನ ವಾಸನೆ ಎದ್ದಿತು. ಶಾಲೆಗೆ ಹೋಗುವಾಗ ಈ ವಾಸನೆ ನನ್ನ ಬಟ್ಟೆಗೂ ಅಂಟಿರಬಹುದೆಂದು ನಾಚುತ್ತಿದ್ದೆ. ಅವ್ವ ತಬ್ಬಿಕೊಳ್ಳಲು ಬಂದರೆ ದೂರ ಸರಿಯುತ್ತಿದ್ದೆ. ಈಗ ಪ್ರಯೋಗಾಲಯದ ನಡುವೆ ಲಡಿಯನ್ನು ಮುಖಕ್ಕೆ ಒತ್ತಿಕೊಂಡೆ. ಕಾರಿನ್ ಕಿಟಕಿ ತೆರೆಯಲು ಎದ್ದವರು ನನ್ನನ್ನು ನೋಡಿ ಮತ್ತೆ ಕೂತರು.

1665ರಲ್ಲಿ ಶಿಖರ ಎದ್ದಿತು.

ಮಾದರಿಗಳ ಪಟ್ಟಿಯಲ್ಲಿ ವಸ್ತು ಯಾವುದು, ಎಲ್ಲಿಯದು ಎಂದು ಎರಡು ಖಾನೆಗಳಿವೆ. ರೇಷ್ಮೆಯ ಮುಂದೆ ಕೊಳ್ಳೇಗಾಲ ಎಂದು ಬರೆದೆ. ಸೀರೆಯ ಎಳೆಯೂ ಒಳ್ಳೆಯ ಮಾದರಿಯೇ, ಸೇರಿಸು ಎಂದರು ಕಾರಿನ್. ವಸ್ತು: ಪಾಲಿಯೆಸ್ಟರ್. ಎಲ್ಲಿಯದು? ಎಲ್ಲಿ ನೇಯ್ದರೋ ತಿಳಿಯದು. ಮೈಸೂರಿನಲ್ಲಿ ಕೊಂಡದ್ದು, ಕೊಳ್ಳೇಗಾಲದಲ್ಲಿ ಬಾಳಿದ್ದು, ಈಗ ಯೇನಾದ ಕಪಾಟಿನಲ್ಲಿರುವುದು. ಆ ಖಾನೆಯನ್ನು ಇನ್ನೂ ತುಂಬಿಲ್ಲ. ಕಾರಿನ್ ಎರಡು ಸಲ ನೆನಪಿಸಿದ್ದಾರೆ.

ಮೊನ್ನೆ ಶನಿವಾರ ಸೀರೆಯನ್ನು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿ, ಗಾಜಿನ ಬಾಗಿಲ ಮುಂದೆ ಮುಗಿಯುವ ತನಕ ಕೂತಿದ್ದೆ. ಅವ್ವ ಹೇಳಿದಂತೆ ಅದಕ್ಕೆ ಏನೂ ಆಗಲಿಲ್ಲ.