ಹನ್ನೆರಡು ಪೆಟ್ಟು ತಿಂದ ಕಾರು

ನಮ್ಮ ಭಾವನಿಗೆ ಕೋಪ ಮೂಗಿನ ತುದಿಯಲ್ಲಿ, ಸುತ್ತಿಗೆ ಸದಾ ಕೈಯಲ್ಲಿ. ರಸ್ತೆಯಲ್ಲಿ ಗುದ್ದಿ ಪುಡಿಯಾದ ಕಾರುಗಳು ಕಡೆಗೆ ಬಂದು ಬೀಳುವುದು ಅವನ ಗುಜರಿ ಅಂಗಳಕ್ಕೆ. ಅವನ್ನು ಬಡಿದು, ಸೀಳಿ, ಕಬ್ಬಿಣ ಬೇರೆ, ತಾಮ್ರ ಬೇರೆ ಮಾಡುವುದೇ ಮೂವತ್ತು ವರ್ಷದಿಂದ ಅವನ ಕೆಲಸ. ಅಕ್ಕನ ಮದುವೆಯಾದ ಮರುವರ್ಷದಿಂದ ನಾನೂ ಅಲ್ಲೇ ಇದ್ದೇನೆ. ಬಡಿದೂ ಬಡಿದೂ ಅವನ ಕಿವಿ ಮುಕ್ಕಾಲು ಹೋಗಿತ್ತು. ಅಂಗಳಕ್ಕೆ ಗಾಡಿ ಬಂದದ್ದು ಅವನಿಗೆ ಗೊತ್ತಾಗುತ್ತಿದ್ದುದು ಅಂಗಾಲಿನಿಂದ. ಎಂಜಿನ್ನಿನ ನಡುಕ ನೆಲದಿಂದ ಕಾಲಿಗೆ ಹತ್ತಿದರೆ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಯುತ್ತಿದ್ದ.

ಸತ್ತವರನ್ನು ನಾವು ನೋಡುವುದಿಲ್ಲ, ಅವರು ಕೂತಿದ್ದ ಜಾಗ ನೋಡುತ್ತೇವೆ. ಸ್ಟೀರಿಂಗಿಗೆ ಅಂಟಿದ ಕೂದಲು, ಸೀಟಿನ ಸಂದಿಯಲ್ಲಿ ಮೂರು ಹಲ್ಲು, ಒಣಗಿ ಕಪ್ಪಾದ ರಕ್ತದಲ್ಲಿ ಒಂದು ಮಗುವಿನ ಶೂ. ಭಾವ ಅದನ್ನೆಲ್ಲ ನೀರು ಹಾಕಿ ತೊಳೆಯುವಾಗ ಆ ಕಾರು ಮಾಡಿದವರ ವಂಶವನ್ನೇ ಜಾಲಾಡುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಅವಳಿಗೆ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿದ್ದು ನಲವತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ. ಹೋಗಬೇಕಾದ್ದು, ನಮಗೆ ಅರ್ಧ ಸರಕು ಒದಗಿಸುವ ಅದೇ ಹೆದ್ದಾರಿಯಲ್ಲಿ.

"ನಂಗೆ ಹೈಬ್ರಿಡ್ ಕಾರು ಬೇಕು ಅಪ್ಪಾ," ಎಂದು ಅವನ ಕಿವಿಯ ಹತ್ತಿರ ಕೂಗಿ ಹೇಳಿದಳು. "ಪೆಟ್ರೋಲೂ ಇರತ್ತೆ, ಬ್ಯಾಟರೀನೂ ಇರತ್ತೆ. ದಾರೀಲಿ ಚಾರ್ಜ್ ಮಾಡೋ ತಾಪತ್ರಯ ಇಲ್ಲ."

"ಎರಡು ದೋಣಿ ಮೇಲೆ ಕಾಲಿಟ್ಟಿದ್ದನ್ನ ಯಾರಾದ್ರೂ ನಂಬ್ತಾರಾ?" ಎಂದು ಭಾವ ಗುಡುಗಿದ. ಆದರೆ ಮಗಳ ಮಾತು ತೆಗೆದುಹಾಕುವ ಗಂಡಸಲ್ಲ ಅವನು.

ಉಳಿದವರು ಕಾರು ಕೊಳ್ಳುವ ಮೊದಲು ಮೈಲೇಜು ಕೇಳುತ್ತಾರೆ. ಭಾವ ಹೆಣ ಕೊಯ್ದ. ಒಂದಿಡೀ ವರ್ಷ, ಮಗಳು ಬಸ್ಸಿನಲ್ಲಿ ಓಡಾಡುತ್ತಿರಲು, ಅಂಗಳಕ್ಕೆ ಬಂದ ಒಂದೊಂದು ಹೈಬ್ರಿಡ್ಡಿನ ಎರಡು ಬಾಗಿಲ ನಡುವಿನ ಕಂಬಕ್ಕೂ ದೊಡ್ಡ ಸುತ್ತಿಗೆಯಿಂದ ಬಾರಿಸಿದ. ಎಷ್ಟನೆಯ ಪೆಟ್ಟಿಗೆ ಬಗ್ಗಿತೆಂದು ಗೋಡೆಯ ಮೇಲೆ ಬಳಪದಲ್ಲಿ ಬರೆದ. ಒಂದು ಕಾರು ಮೂರಕ್ಕೇ ಮಲಗಿತು. ಇನ್ನೊಂದು ಐದಕ್ಕೆ. ಒಮ್ಮೆ, ಬ್ಯಾಟರಿಯ ಜೋರು ಕರೆಂಟು ಹರಿಯುವ ಕಿತ್ತಳೆ ಬಣ್ಣದ ತಂತಿಗೆ ಗರಗಸ ತಗುಲಿ ಹತ್ತಡಿ ಆಚೆ ಹೋಗಿ ಬಿದ್ದ. ಅಂಗೈ ಸುಟ್ಟು ಮಾಂಸ ಕಾಣುತ್ತಿತ್ತು. ಎದ್ದು ಬಂದವನು ಮೊದಲು ಮಾಡಿದ್ದು ಗೋಡೆಯ ಮೇಲಿನ ಆ ಕಾರಿನ ಹೆಸರಿಗೆ ಕಾಟು ಹೊಡೆದದ್ದು.

ಶೋರೂಮಿಗೂ ಒಮ್ಮೆ ಹೋದೆವು. ಟೈ ಕಟ್ಟಿದ್ದ ಸೇಲ್ಸ್‌ನವನು, "ಸರ್, ಐದು ಬಣ್ಣದಲ್ಲಿ ಸಿಗತ್ತೆ," ಎಂದ. ಭಾವ ಅವನ ಟೈ ಹಿಡಿದು ಮುಖವನ್ನು ಕಾರಿನ ಕಂಬದ ಹತ್ತಿರಕ್ಕೆ ಎಳೆದ.

"ಬಣ್ಣ ಕಟ್ಕೊಂಡು ಏನಯ್ಯಾ ಆಗ್ಬೇಕು? ಇದು ಎಷ್ಟು ಪೆಟ್ಟು ತಡೆಯತ್ತೆ ಹೇಳು. ನಿನ್ ತಲೇಲೇ ನೋಡ್ಲಾ?"

ನಾನು ಬಿಡಿಸುವಷ್ಟರಲ್ಲಿ ಅವನ ಮೂಗು ಕಂಬಕ್ಕೆ ಬಡಿದು ರಕ್ತ ಸುರಿಯುತ್ತಿತ್ತು. ನನಗೆ ನಾಚಿಕೆಯಾಯಿತು. ನೆನೆಸಿಕೊಂಡರೆ ಈಗಲೂ ಆಗುತ್ತದೆ.

ಕಡೆಗೆ ಅಂಗಳಕ್ಕೆ ಒಂದು ಬೂದು ಬಣ್ಣದ ಕಾರು ಬಂತು. ಲಾರಿಗೆ ಗುದ್ದಿ ಮೂರು ಪಲ್ಟಿ ಹೊಡೆದಿತ್ತು. ಒಳಗಿದ್ದ ನಾಲ್ವರೂ ಎದ್ದು ನಡೆದುಕೊಂಡು ಹೋಗಿದ್ದರು. ಒಬ್ಬನಂತೂ ಎಡಗಾಲಿನ ಚಪ್ಪಲಿ ಹುಡುಕಿಕೊಂಡು ನಮ್ಮಲ್ಲಿಗೇ ಬಂದ. ಭಾವ ಅಂಗಿ ಬಿಚ್ಚೆಸೆದು ಬಡಿಯತೊಡಗಿದ. ಹತ್ತು. ಹನ್ನೊಂದು. ಹನ್ನೆರಡನೆಯದಕ್ಕೆ ಸುತ್ತಿಗೆಯ ಹಿಡಿ ಮುರಿಯಿತು, ಕಂಬ ಬಗ್ಗಲಿಲ್ಲ. ಆ ಕಂಬವನ್ನು ತಬ್ಬಿಕೊಂಡು ಅತ್ತುಬಿಟ್ಟ. ಮರುವಾರವೇ ಅದೇ ಥರದ ಹೊಸ ಕಾರು ಬಂತು, ಬೇರೆ ಊರಿನ ಶೋರೂಮಿನಿಂದ. ನಮ್ಮೂರಿನವರು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ. ವರ್ಷವಿಡೀ ನಾವು ನೋಡಿದ್ದು ಕಾರಿನ ಒಳಗಿದ್ದವರ ಗತಿಯನ್ನು. ಹೊರಗಿದ್ದವರು ಗುಜರಿಗೆ ಬರುವುದಿಲ್ಲ. ಜೀವ ಇದ್ದು ಓಡುವ ಹೈಬ್ರಿಡ್ಡಿನ ಮುಂದೆ ನಾವು ಒಮ್ಮೆಯೂ ನಿಂತಿರಲಿಲ್ಲ.

ಕಾರು ಬಂದ ಮೂರನೆಯ ದಿನ ಬೆಳಿಗ್ಗೆ ಮಗಳು ಡ್ಯೂಟಿಗೆ ಹೊರಟು, ಗುಜರಿ ಅಂಗಳಕ್ಕೆ ಅಂಟಿದ ಮನೆಯ ಮುಂದಿನಿಂದ ಕಾರನ್ನು ಹಿಂದಕ್ಕೆ ತೆಗೆದಳು. ಎಂಜಿನ್ ಶುರುವಾಗಿರಲಿಲ್ಲ, ಬರೀ ಬ್ಯಾಟರಿಯಲ್ಲಿ ಚಲಿಸುತ್ತಿತ್ತು. ಹತ್ತಿರ ಹೋದರಷ್ಟೇ ದುಂಬಿ ಗುಂಯ್‌ಗುಟ್ಟಿದಷ್ಟು ಸದ್ದು. ಎಳೆಬಿಸಿಲು ಹೊಡೆದು ಹಿಂದಿನ ಗಾಜಿನಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಭಾವ ಆ ಕಡೆ ಬೆನ್ನು ಹಾಕಿ, ಬಗ್ಗಿ ತಾಮ್ರ ಆರಿಸುತ್ತಿದ್ದ. ಅಂಗಾಲಿಗೂ ಏನೂ ಹತ್ತಲಿಲ್ಲ. ನಾನು ಕೂಗಿದೆ. ಕಿವುಡನಿಗೆ ಕೂಗಿ ಏನು ಬಂತು? ಕಾರು ಅವನ ಎಡಗಾಲನ್ನು ಹಳೆಯ ಎಂಜಿನ್‌ಗಳ ರಾಶಿಗೆ ಒತ್ತಿ ಅರೆಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಕಾರಿನದು ಕೇಳಿಸಿರಲಿಲ್ಲ.

ಮಗಳು ಕಿರುಚುತ್ತ ಇಳಿದು ಬಂದಳು. ಭಾವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಂಗೇನೂ ಆಗಿಲ್ಲ ತಾನೆ?" ಎಂದು ಕೇಳಿದ.

ಕಾಲು ಉಳಿಯಲಿಲ್ಲ. ಮೊಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆದರು.

ಅವನು ಊರುಗೋಲಿನ ಮೇಲೆ ಮನೆಗೆ ಬಂದ ದಿನ, ಮಗಳು ಹೊಸ ಹಿಡಿ ಹಾಕಿಸಿದ್ದ ಅವನದೇ ಸುತ್ತಿಗೆ ಎತ್ತಿಕೊಂಡು ಕಾರಿನ ಮೇಲೆ ಬಿದ್ದಳು. ಮೊದಲು ಗಾಜು, ಆಮೇಲೆ ದೀಪ, ಆಮೇಲೆ ಕಂಬ. ಅಂಗೈಯ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಕೆಂಪಾಯಿತು. ಅಕ್ಕ ತಡೆಯಲು ಓಡಿದಳು. ಭಾವ ಊರುಗೋಲು ಅಡ್ಡ ಹಿಡಿದ.

"ಬಿಡೇ, ಹೊಡೀಲಿ."

ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಎಣಿಸತೊಡಗಿದ. ಹನ್ನೆರಡು. ಹದಿಮೂರು. ಹದಿನಾಲ್ಕಕ್ಕೆ ಅವಳು ಸುತ್ತಿಗೆ ಬಿಟ್ಟು ನೆಲಕ್ಕೆ ಕುಸಿದು ಗೋಳಾಡಿದಳು.

ಭಾವ ನನ್ನತ್ತ ತಿರುಗಿದ. "ಕಂಬ ಮುಟ್ಟಿ ನೋಡು. ಬಗ್ಗಿದ್ಯಾ?"

ಮುಟ್ಟಿ ನೋಡಿದೆ. ಇಲ್ಲ ಎಂದು ತಲೆಯಾಡಿಸಿದೆ.

"ಹಾಗಿದ್ರೆ ಗಾಜು ಹಾಕ್ಸು," ಎಂದ. "ಸೋಮವಾರ ಅವ್ಳು ಡ್ಯೂಟಿಗೆ ಹೋಗ್ಬೇಕು."