ಉಸ್ತಾದ್ ಬರೆದು ತೋರಿಸಿದ ಎರಡು ಅಕ್ಷರ

ನನ್ನ ಮೊಮ್ಮಗಳು ಜಪಾನಿ ಭಾಷೆಯ ಪರೀಕ್ಷೆ ಪಾಸಾದಳು! ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು; ಗಲ್ಫಿನ ಸಾಲ್ಮಿಯಾದ ಈ ಫ್ಲ್ಯಾಟಿನಲ್ಲಿ ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ಹೇಳಿ ಆಯಿತು.

ಅವಳ ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಎರಡು ಅಕ್ಷರಗಳಿದ್ದವು. ಓದಲು ಬಾರದಿದ್ದರೂ ಆ ಆಕಾರ ನನಗೆ ಗೊತ್ತಿತ್ತು.

“ಬೆಂಕ್ಯೋ, ಅಜ್ಜ. ಇಟ್ ಮೀನ್ಸ್ ಸ್ಟಡಿ,” ಎಂದಳು.

ಹೌದು... ಓದು. ತೊಂಬತ್ತನೇ ಇಸವಿಯಲ್ಲಿ ಇದೇ ಸಾಲ್ಮಿಯಾದ ಹೋಟೆಲೊಂದರಲ್ಲಿ ನಾನು ತರಕಾರಿ ಹೆಚ್ಚುತ್ತಿದ್ದೆ. ಅಲ್ಲಿಯ ಮುಖ್ಯ ಅಡುಗೆಯವನು ಚೀನಾದವನು. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಒಂದು ದಿನ ಜಪಾನಿ ಗಿರಾಕಿಯೊಬ್ಬರ ಜೊತೆ ಮಾತಾಡಿ ಒಳಗೆ ಬಂದವನು, ಹರಡಿದ ಹಿಟ್ಟಿನ ಮೇಲೆ ಬೆರಳಿನಿಂದ ಆ ಎರಡು ಅಕ್ಷರ ಬರೆದು, ಮುರುಕು ಹಿಂದಿಯಲ್ಲಿ ಹೇಳಿದ:

“ಅಕ್ಷರ ನಮ್ಮದು ಭಾಯಿ, ಅವರು ಒಯ್ದದ್ದು. ನಮ್ಮಲ್ಲಿ ಮಿಯೆನ್‌ಚ್ಯಾಂಗ್ ಅಂದ್ರೆ ಮನಸ್ಸಿಲ್ಲ, ಆದ್ರೂ ಮಾಡ್ಬೇಕು. ಅವರಲ್ಲಿ ಅದೇ ಓದು ಅಂತೆ!”

“ನಮ್ಮ ಮೇಷ್ಟ್ರ ಬೆತ್ತ ನೋಡಿದ್ರೆ ಎರಡೂ ಒಂದೇ ಅಂತಿದ್ದಿ ಉಸ್ತಾದ್,” ಎಂದೆ. ಆಮೇಲೆ ಈರುಳ್ಳಿ ಮೂಟೆ ಬಂದಾಗಲೆಲ್ಲ ನನ್ನ ಮುಖ ನೋಡಿ, ‘ಮಿಯೆನ್‌ಚ್ಯಾಂಗ್’ ಎಂದು ನಕ್ಕು ಕೆಣಕುತ್ತಿದ್ದ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಹೋಟೆಲಿನ ಮಾಲೀಕ, ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲ್, ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋಗಿದ್ದವನು ಬರಲೇ ಇಲ್ಲ. ಕೆಲಸದವರ ಪಾಸ್‌ಪೋರ್ಟುಗಳೆಲ್ಲ ಅವನ ಬಳಿ. ಇಲ್ಲಿಯ ಪದ್ಧತಿ ಅದು. ನಾವು ಭಾರತದವರು ಎಂಬಸಿಯ ಚೀಟಿ ಹಿಡಿದು ಜೋರ್ಡಾನ್ ಕಡೆಗೆ ಬಸ್ ಹತ್ತಿದೆವು. ಉಸ್ತಾದ್ ಹತ್ತಲಿಲ್ಲ. ಕಫೀಲನ ಅಪ್ಪಣೆಯಿಲ್ಲದೆ ಹೊರಟರೆ ಓಡಿಹೋದವನೆಂದು ದೂರು ಕೊಡುತ್ತಾನೆ, ಮತ್ತೆ ಇಲ್ಲಿ ದುಡಿಯಲು ಬಿಡುವುದಿಲ್ಲ ಎಂಬ ಭಯ ಅವನಿಗೆ.

“ದೇಶವೇ ಖಲಾಸ್ ಆಗಿದೆ ಮಾರಾಯ, ಯಾರಿಗೆ ದೂರು ಕೊಡ್ತಾನೆ? ಯಲ್ಲಾ, ಹತ್ತು!” ಎಂದೆ.

“ಹೋಟೆಲಿನ ಕೀಲಿಕೈ ನನ್ನ ಹತ್ರ ಇದೆ. ಅವನು ಬರ್ಲಿ, ಕೊಟ್ಟೇ ಹೊರಡ್ತೇನೆ.” ಆಮೇಲೆ, “ಮಿಯೆನ್‌ಚ್ಯಾಂಗ್,” ಎಂದ. ಈ ಸಲ ನಗಲಿಲ್ಲ. ಬಸ್ಸಿನ ಬಾಗಿಲನ್ನು ಹೊರಗಿನಿಂದ ತಾನೇ ದೂಡಿ ಮುಚ್ಚಿದ...

ತೊಂಬತ್ತೊಂದರಲ್ಲಿ, ಯುದ್ಧ ಮುಗಿದ ಮೇಲೆ, ತಿರುಗಿ ಬಂದೆ. ಹೋಟೆಲಿದ್ದಲ್ಲಿ ಕರಿ ಹಿಡಿದ ಗೋಡೆಗಳಷ್ಟೇ ನಿಂತಿದ್ದವು. ಕಫೀಲ್ ಹೊಸ ಕಾರಿನಲ್ಲಿ ನೋಡಲು ಬಂದಿದ್ದ. ಉಸ್ತಾದ್ ಎಲ್ಲಿ ಎಂದು ಕೇಳಿದೆ.

“ಯಾರು, ಆ ಚೀನಾದವನಾ? ಓಡಿಹೋಗಿರ್ಬೇಕು,” ಎಂದ.

ಇಷ್ಟನ್ನೂ ಸಂಜೆ ಮೊಮ್ಮಗಳಿಗೆ ಹೇಳಿದೆ.

“ಡಿಡ್ ಹಿ ಗೋ ಹೋಮ್, ಅಜ್ಜ?”

“ಗೊತ್ತಿಲ್ಲ ಮಗಾ... ಬದುಕಿದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ.”

ಸೊಸೆ ಪಾಯಸ ಮಾಡಿದ್ದಳು. ಮಗನೂ ಕೆಲಸದಿಂದ ಬೇಗ ಬಂದಿದ್ದ. ಎಲ್ಲರೂ ಒಟ್ಟಿಗೆ ಕೂತು ಉಂಡೆವು; ಮೊಮ್ಮಗಳಿಗೆ ನಾನೇ ಎರಡೆರಡು ಸೌಟು ಬಡಿಸಿದೆ. ಉಸ್ತಾದನ ಮನೆಯವರು ಅವನಿಗೆಂದು ಎಷ್ಟು ವರ್ಷ ಬಡಿಸಿಟ್ಟು ಕಾದರೋ...